ಕೋಡಿಯ ದಾರಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ಮಕ್ಕಳ ವಿದ್ಯಾಭ್ಯಾಸ, ಮದುವೆಯ ಖರ್ಚುವೆಚ್ಚ, ವೃದ್ಧ ತಂದೆತಾಯಿಗಳ ಆರೈಕೆ ಇವೇ ಮೊದಲಾದ ವಿಷಯಗಳಿರುತ್ತವೆ. ಇತ್ತೀಚೆಗೆ ಇನ್ನೊಂದು ಪ್ರಶ್ನೆಯೂ ಮತ್ತೆ ಮತ್ತೆ ಬರುತ್ತಿದೆ. “ಊರ ಹೊರಗೆ ಕೆರೆಯ ದಂಡೆಯಲ್ಲಿ ಹೊಸ ಬಡಾವಣೆಯಾಗುತ್ತಿದೆ. ಬೆಲೆ ನಮ್ಮ ಕೈಗೆ ಎಟುಕುವಂತಿದೆ. ಕೊಳ್ಳಬಹುದೆ?” ಎಂದು ಕೇಳುವವರಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ರೇಷ್ಮೆ ರೀಲಿಂಗ್ ಮಾಡುವವರಿದ್ದಾರೆ, ಬಿಡದಿಯ ಕಾರ್ಖಾನೆಗಳಲ್ಲಿ ದುಡಿಯುವ ಯುವಕರಿದ್ದಾರೆ. ಇವರೆಲ್ಲರ ಜೀವಮಾನದ ಉಳಿತಾಯ ಆ ಮೂವತ್ತು ನಲವತ್ತರ ನಿವೇಶನದಲ್ಲಿ ಕರಗುತ್ತದೆ. ಅಂಥದೇ ಒಂದು ಬಡಾವಣೆಯಲ್ಲಿ ಹನ್ನೆರಡು ವರ್ಷಗಳಿಂದ ವಾಸವಾಗಿರುವ ನನಗೆ ಈ ಪ್ರಶ್ನೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರಿಸುವುದು ಸಾಧ್ಯವಾಗದು. ಆದಕಾರಣ ಈ ತಿಂಗಳ ಪುಟಗಳನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂದಿತು. ಹೆಸರು ಬದಲಾದುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಮನೆಗಳ ಜಗಲಿಗಳಲ್ಲಿ ಇನ್ನೂ ನಡೆದಿದೆ. ಬೆಂಗಳೂರಾದರೋ ಹೆಸರಿನ ರೂಪದಲ್ಲಿ ಬರುವುದಕ್ಕೆ ಎಷ್ಟೋ ಮುಂಚೆಯೇ ನಿವೇಶನದ ಗಡಿಕಲ್ಲುಗಳ ರೂಪದಲ್ಲಿ ಇಲ್ಲಿಗೆ ಬಂದುಬಿಟ್ಟಿತ್ತು. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾದ ಮೇಲಂತೂ ರಾಗಿಯ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪುಗಳ ನಡುವೆ ಬಣ್ಣದ ಕಮಾನುಗಳು ಎದ್ದು ನಿಂತಿವೆ. ಆ ಕಮಾನುಗಳ ಮೇಲಿನ ಬರಹದಲ್ಲಿ ಹತ್ತಕ್ಕೆ ನಾಲ್ಕರಲ್ಲಿ ‘ಲೇಕ್ ವ್ಯೂ’ ಎಂಬ ಮಾತು ಇದ್ದೇ ಇರುತ್ತದೆ.

ನಾವು ಮನೆ ಕಟ್ಟಿಕೊಂಡಾಗ ನಮ್ಮ ಬಡಾವಣೆಯಲ್ಲಿ ಇದ್ದುದು ಏಳು ಮನೆಗಳು. ಇಂದು ನೂರನ್ನು ಮೀರಿವೆ. ಕೆರೆಯ ಹೆಸರನ್ನೂ ಬಡಾವಣೆಯ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಮಾತುಗಳಲ್ಲಿ ನೆರೆಹೊರೆಯವರ ಪ್ರಸ್ತಾಪವೂ ಬರುತ್ತದೆ. ಅವರೊಡನೆ ನಾನು ನಾಳೆಯೂ ಬಾಳಬೇಕಾಗಿದೆ. ರಾಮನಗರಕ್ಕೆ ಸಮೀಪದ ಬಡಾವಣೆ ಎಂದರೆ ಸಾಕು.

ಕೆರೆಯ ನೆರೆಯಲ್ಲಿ ಬಾಳುವುದರ ಸುಖವನ್ನು ಅಲ್ಲಗಳೆಯಲಾರೆ. ಬೆಳಗಿನ ಜಾವ ಸ್ನಾನ, ಲಿಂಗಪೂಜೆ ಮುಗಿಸಿ ಏರಿಯ ಮೇಲೆ ನಡೆಯಹೊರಟರೆ ನೀರಿನ ಮೇಲಿನ ಮಂಜು ಇನ್ನೂ ಎದ್ದಿರುವುದಿಲ್ಲ. ನೀರುಕಾಗೆಗಳು ಒಣಗಿದ ಜಾಲಿಮರದ ಮೇಲೆ ರೆಕ್ಕೆ ಬಿಚ್ಚಿ ಕುಳಿತಿರುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಊರವರ ಹುಣಿಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳು ಮೀನು ಅರಸಿಕೊಂಡು ಸುತ್ತಲಿನ ಕೆರೆಗಳಿಗೆ ಹಾರಿಬರುತ್ತವೆ. ನೀರು ಚೆನ್ನಾಗಿರುವ ವರ್ಷ ನಮ್ಮಲ್ಲಿಗೂ ಬರುತ್ತವೆ. ಆರೂವರೆಯ ಹೊತ್ತಿಗೆ ಹಾಲಿನ ಬೂತಿನ ಮುಂದೆ ಜನ ಸೇರುತ್ತಾರೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಊಟದ ಡಬ್ಬಿ ಹಿಡಿದು ರೈಲ್ವೆ ನಿಲ್ದಾಣದ ಕಡೆ ಅವಸರದಿಂದ ನಡೆಯುತ್ತಾರೆ. ತಿಂಗಳಿಗೊಂದು ಸೋಮವಾರ ಯಾರಾದರೊಬ್ಬರ ಮನೆಯಲ್ಲಿ ಶಿವಾನುಭವ ಗೋಷ್ಠಿ ನಡೆಯುತ್ತದೆ. ನಾನಾ ಊರುಗಳಿಂದ, ನಾನಾ ಜಾತಿಮತಗಳಿಂದ ಬಂದು ಸೇರಿದ ಜನ ಹತ್ತು ವರ್ಷಗಳಲ್ಲಿ ಒಂದು ಊರಾಗುವುದನ್ನು ಕಣ್ಣಾರೆ ಕಾಣುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ.

ಹೀಗೆ ಬೆಂಗಳೂರಿಗೆ ಹೋಗುವವರಲ್ಲಿ ಎಷ್ಟೋ ಮಂದಿ ದಿನವೂ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಬಸ್ಸು ಹಿಡಿಯುತ್ತಾರೆ. ಅವರು ನಿಂತಿರುವ ನೆಲ ಧರ್ಮಾಂಬುಧಿ ಎಂಬ ಕೆರೆಯ ಒಡಲು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಬೆಂಗಳೂರನ್ನೂ ಅದರ ಕೆರೆಗಳನ್ನೂ ಕಟ್ಟಿ ಬೆಳೆಸಿದ ಕೆಂಪೇಗೌಡರ ವಂಶದವರು 1638ರಲ್ಲಿ ಬೆಂಗಳೂರು ಬಿಜಾಪುರದ ಸೈನ್ಯದ ವಶವಾದ ಮೇಲೆ ನೆಲೆ ನಿಂತದ್ದು ನಮ್ಮ ಮಾಗಡಿಯಲ್ಲಿ. ಕೆರೆ ಕಟ್ಟುವ ವಿದ್ಯೆ ಈ ಸೀಮೆಗೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಕೆರೆ ಮುಚ್ಚುವ ವಿದ್ಯೆ ಮಾತ್ರ ಬೆಂಗಳೂರಿನಿಂದ ಬಂದಿತೆಂದು ಹೇಳಿದರೆ ಬೆಂಗಳೂರಿನ ಓದುಗರು ಮುನಿಯಬಾರದು.

ಬಡಾವಣೆಯವರಿಗೆ ಕೆರೆಯೆಂದರೆ ಗಾಳಿ ಮತ್ತು ನೋಟ. ಹಳ್ಳಿಯವರಿಗೆ ಕೆರೆಯೆಂದರೆ ಏರಿ, ತೂಬು, ಕೋಡಿ. ಈ ವ್ಯತ್ಯಾಸವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಂದಿನ ನಮ್ಮ ಮಕ್ಕಳಿಗೆ ಈ ಮೂರು ಮಾತುಗಳ ಅರ್ಥವೂ ತಿಳಿಯದು. ಹರಿದುಬರುವ ಮಳೆಯ ನೀರಿಗೆ ಅಡ್ಡವಾಗಿ ಹಾಕಿದ ಮಣ್ಣಿನ ಕಟ್ಟು ಏರಿ. ಏರಿಯ ಬುಡದಿಂದ ಕೆಳಗಿನ ಗದ್ದೆಗಳಿಗೆ ಬೇಕಾದಷ್ಟೇ ನೀರನ್ನು ಬಿಡುವ ಬಾಗಿಲು ತೂಬು. ಆ ತೂಬನ್ನು ಯಾವಾಗ ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಹರಿಸಬೇಕು ಎಂಬುದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಅವನಿಗೆ ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನ ಕಣದಿಂದಲೂ ಧಾನ್ಯ ಸಲ್ಲುತ್ತಿತ್ತು. ಕೆರೆ ತುಂಬಿದ ಮೇಲೂ ನೀರು ಬರುತ್ತಲೇ ಇದ್ದರೆ ಅದು ಏರಿಯನ್ನು ಕೊರೆದು ಒಡೆಯದಂತೆ, ಏರಿಯ ಒಂದು ತುದಿಯಲ್ಲಿ, ಏರಿಗಿಂತ ತಗ್ಗಿನಲ್ಲಿ ಕಲ್ಲು ಹಾಸಿ ಬಿಟ್ಟಿರುವ ದಾರಿ ಕೋಡಿ. ಕೋಡಿಯಿಂದ ಹೊರಬಿದ್ದ ನೀರು ಹಳ್ಳವಾಗಿ ಹರಿದು ಕೆಳಗಿನ ಊರಿನ ಕೆರೆಯನ್ನು ಸೇರುತ್ತದೆ. ಆ ಕೆರೆಯ ಕೋಡಿ ಇನ್ನೊಂದು ಕೆರೆಯನ್ನು ತುಂಬುತ್ತದೆ. ಹೀಗೆ ಕೆರೆಯಿಂದ ಕೆರೆಗೆ ಇಳಿದ ನೀರು ಕಡೆಗೆ ಅರ್ಕಾವತಿಯನ್ನೋ ಕಣ್ವವನ್ನೋ ಸೇರುತ್ತದೆ.

ಕೆರೆ ಕೋಡಿ ಬಿದ್ದಿತೆಂದರೆ ಹಿಂದೆ ಊರಿಗೆ ಹಬ್ಬ. ಹೆಣ್ಣುಮಕ್ಕಳು ಅರಿಸಿನ ಕುಂಕುಮ, ಬಾಗಿನ ತೆಗೆದುಕೊಂಡು ಹೋಗಿ ಗಂಗಾಪೂಜೆ ಮಾಡಿ ಬರುತ್ತಿದ್ದರು. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಕೆಳಗಿನವರಿಗೆ ದಾಟಿಸುವ ಕೆರೆಯನ್ನು ನೋಡಿದಾಗಲೆಲ್ಲ ನನಗೆ ದಾಸೋಹದ ನೆನಪಾಗುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ಈ ನೆಲದವರೇ. ಅವರು ನಡೆಸಿದ ಅನ್ನದಾಸೋಹವೂ ಬಂದುದು ಬಂದಂತೆ ಮುಂದಕ್ಕೆ ಹರಿಯುವಂಥದೇ ಆಗಿದ್ದಿತು.

ಇನ್ನು ನಮ್ಮ ಬಡಾವಣೆಯ ಕೋಡಿಯ ಸಂಗತಿ. ಬಡಾವಣೆ ಮಾಡಿದವರು ಕೋಡಿಯ ಹಳ್ಳವನ್ನು ಮಣ್ಣಿನಿಂದ ಮುಚ್ಚಿ, ಅದರ ಮೇಲೆ ಮುಖ್ಯರಸ್ತೆ ಮಾಡಿ, ರಸ್ತೆಯ ಕೆಳಗೆ ಎರಡು ಸಿಮೆಂಟ್ ಕೊಳವೆಗಳನ್ನು ಹೂತಿದ್ದರು. ಆ ಮೂಲೆಯ ನಿವೇಶನಗಳಿಗೇ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಎಷ್ಟೋ ವರ್ಷಗಳಿಂದ ಕೆರೆ ಪೂರ್ತಿಯಾಗಿ ತುಂಬಿರಲಿಲ್ಲವಾದ್ದರಿಂದ ಕೋಡಿಯನ್ನು ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ, ಕೇಳಿದವರೂ ಇರಲಿಲ್ಲ.

2022ರ ಆಗಸ್ಟ್ ಕೊನೆಯ ವಾರ. ಗಣೇಶನ ಹಬ್ಬಕ್ಕೆ ಇನ್ನೆರಡು ದಿನವಿದೆ ಎನ್ನುವಾಗ ರಾಮನಗರ, ಚನ್ನಪಟ್ಟಣದ ಸುತ್ತ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಕೆರೆಗಳು ಒಂದರ ಮೇಲೊಂದು ತುಂಬಿ ಹರಿದು, ಸಂಗಬಸವನದೊಡ್ಡಿಯ ಬಳಿ ಹೆದ್ದಾರಿಯೇ ಹೊಳೆಯಾಯಿತು. ಬಸ್ಸುಗಳು, ಕಾರುಗಳು ನೀರಿನ ನಡುವೆ ನಿಂತವು. ರಾಮನಗರದ ತಗ್ಗಿನ ಬಡಾವಣೆಗಳಲ್ಲಿ ಎಷ್ಟೋ ಸಂಸಾರಗಳು ಉಟ್ಟ ಬಟ್ಟೆಯಲ್ಲಿ ಹೊರಬಂದವು. ಆ ರಾತ್ರಿ ನಮ್ಮ ಕೆರೆಯೂ ತುಂಬಿತು. ಎರಡು ಕೊಳವೆಗಳು ಕಸಕಡ್ಡಿಯಿಂದ ಕಟ್ಟಿಕೊಂಡವು. ನೀರು ಎರಡನೆಯ ಅಡ್ಡರಸ್ತೆಗೆ ನುಗ್ಗಿ, ಮೂಲೆಯ ಮನೆಗಳ ಹೊಸ್ತಿಲು ದಾಟಿ ಒಳಗೆ ಬಂದಿತು. ಹಾಲಿನ ಬೂತಿನ ಕ್ರೇಟುಗಳು ತೇಲಿಹೋದವು. ಅದಕ್ಕಿಂತ ದೊಡ್ಡ ಭಯ ಏರಿಯದು. ನೀರು ಏರಿಯ ನೆತ್ತಿಗೆ ಒಂದೂವರೆ ಅಡಿ ಉಳಿದಿತ್ತು. ಏರಿಯ ಕೆಳಗೆ ಹಳೆಯ ಊರಿನ ಗದ್ದೆಗಳು, ಅವುಗಳಾಚೆ ಊರು.

ನಡುರಾತ್ರಿಯ ಹೊತ್ತಿಗೆ ಊರಿನಿಂದ ಹತ್ತಿಪ್ಪತ್ತು ಜನ ಮರಳಿನ ಚೀಲ ಹೊತ್ತು ಬಂದರು. ಅವರಲ್ಲಿ ನೀರುಗಂಟಿಗಳ ಮನೆತನದ ವೃದ್ಧರೊಬ್ಬರಿದ್ದರು. ಬ್ಯಾಟರಿ ಹಿಡಿದು ಕೋಡಿಯನ್ನು ಹುಡುಕುತ್ತಿದ್ದ ನಮ್ಮನ್ನು ಕಂಡು ಅವರು, “ಸ್ವಾಮೇರ, ಅಲ್ಲೆಲ್ಲಿ ಹುಡುಕ್ತೀರಿ? ಕೋಡಿಕಲ್ಲು ನಿಮ್ಮ ಹಾಲಿನ ಬೂತಿನ ಕೆಳಗೈತೆ. ನಮ್ಮವ್ವ ಅದರ ಮ್ಯಾಲೇ ಬಟ್ಟೆ ಒಗೀತಿದ್ಲು” ಎಂದರು. ಅವರ ಧ್ವನಿಯಲ್ಲಿ ಹಂಗಿಸುವ ಭಾವ ಎಳ್ಳಷ್ಟೂ ಇರಲಿಲ್ಲ. ರಸ್ತೆಯನ್ನು ಈಗಲೇ ಕಡಿದು ನೀರಿಗೆ ದಾರಿ ಬಿಡಬೇಕು, ಇಲ್ಲವಾದರೆ ಬೆಳಗಾಗುವುದರೊಳಗೆ ಏರಿ ಒಡೆಯುತ್ತದೆ ಎಂಬುದು ಅವರ ಮಾತು.

ನಮ್ಮವರು ಒಪ್ಪಲಿಲ್ಲ. ಬಡಾವಣೆಗಿರುವುದು ಅದೊಂದೇ ರಸ್ತೆ, ಅದನ್ನು ಕಡಿದರೆ ನೂರು ಮನೆಗಳೂ ಅತ್ತ ಉಳಿಯುತ್ತವೆ, ಹೃದ್ರೋಗಿಗಳಿದ್ದಾರೆ, ಬಸುರಿಯರಿದ್ದಾರೆ. ಅಧಿಕಾರಿಗಳ ಅಪ್ಪಣೆಯಿಲ್ಲದೆ ಸಾರ್ವಜನಿಕ ರಸ್ತೆಯನ್ನು ಕಡಿಯಬಹುದೆ ಎಂದು ಕಾನೂನು ತಿಳಿದವರೊಬ್ಬರು ಕೇಳಿದರು. ಇವೆಲ್ಲವೂ ನ್ಯಾಯವಾದ ಮಾತುಗಳೇ. ಅರ್ಧ ಗಂಟೆ ಮಳೆಯಲ್ಲಿ ನಿಂತು ವಾದ ಮಾಡಿದೆವು. ಕಡೆಗೆ ಮಾತನಾಡಿದವರು ಮೂಲೆಯ ಮನೆಯ ತಾಯಿ. ಆಗಲೇ ಅವರ ಮನೆಯೊಳಗೆ ಮೊಣಕಾಲುದ್ದ ನೀರು. “ಕಡೀರಪ್ಪಾ. ರಸ್ತೆ ಇನ್ನೊಂದ್ಸಲ ಹಾಕಿಕೊಳ್ಳಬಹುದು. ಕೆಳಗಿನ ಊರಲ್ಲೂ ಮಕ್ಕಳು ಮಲಗಿದ್ದಾರೆ” ಎಂದರು. ಮೂರು ಗಂಟೆಗೆ ಜೆಸಿಬಿ ಬಂದಿತು. ರಸ್ತೆ ಕಡಿದ ಕಾಲು ಗಂಟೆಯೊಳಗೆ ನೀರು ಹಳೆಯ ಹಳ್ಳ ಹಿಡಿದು ಇಳಿಯತೊಡಗಿತು. ಬೆಳಗಿನ ಹೊತ್ತಿಗೆ ಏರಿಯ ಮೇಲೆ ಎರಡೂವರೆ ಅಡಿ ಬಯಲಾಗಿತ್ತು. ಮೂರು ದಿನ ನಮ್ಮ ಬಡಾವಣೆಗೆ ಹಾಲು, ತರಕಾರಿ ಬಂದುದು ಆ ಊರಿನ ಜನ ಗದ್ದೆಬದುವಿನ ಮೇಲೆ ಹೊತ್ತು ತಂದುದರಿಂದ.

ಕೆರೆಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವ ಹೆಸರು ಸೊನ್ನಲಿಗೆಯ ಸಿದ್ಧರಾಮೇಶ್ವರರದು. ಹನ್ನೆರಡನೆಯ ಶತಮಾನದಲ್ಲಿ ಆ ಶಿವಯೋಗಿಗಳು ಭಕ್ತಸಮೂಹವನ್ನು ಕೂಡಿಸಿ ಕೆರೆಯನ್ನು ತೋಡಿಸಿದ ವೃತ್ತಾಂತವನ್ನು ರಾಘವಾಂಕನು ಸಿದ್ಧರಾಮಚರಿತ್ರೆಯಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ಇಂದು ಮಹಾರಾಷ್ಟ್ರಕ್ಕೆ ಸೇರಿದ ಸೊಲ್ಲಾಪುರದಲ್ಲಿ ಆ ಕೆರೆಯ ನೀರಿನ ನಡುವೆಯೇ ಸಿದ್ಧರಾಮೇಶ್ವರರ ಗುಡಿಯಿದೆ. ಸಂಕ್ರಾಂತಿಯ ಜಾತ್ರೆಗೆ ಲಕ್ಷೋಪಲಕ್ಷ ಭಕ್ತರು ಸೇರುತ್ತಾರೆ. ಕೆರೆಯ ಕೆಲಸ ನಡೆದಿದ್ದಾಗ ಅಲ್ಲಮಪ್ರಭುದೇವರು ಅಲ್ಲಿಗೆ ಬಂದು, ನಿಮ್ಮ ಒಡ್ಡ ರಾಮಯ್ಯ ಎಲ್ಲಿ ಎಂದು ಕೆಲಸದವರನ್ನು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ತಮ್ಮ ಗುರುವನ್ನು ಮಣ್ಣು ಹೊರುವವನೆಂದುದಕ್ಕೆ ಕೆರಳಿದ ಜನ ಪ್ರಭುದೇವರ ಮೇಲೆ ಕಲ್ಲು ಬೀರಿದರಂತೆ. ಮುಂದೆ ಸಿದ್ಧರಾಮರು ಪ್ರಭುದೇವರೊಡನೆ ಕಲ್ಯಾಣಕ್ಕೆ ಹೋಗಿ, ಶರಣರ ಸಂಗದಲ್ಲಿ ಬೇರೆಯೇ ನಿಲುವನ್ನು ಪಡೆದರು.

ಈ ಪ್ರಸಂಗವನ್ನು ಹಿಡಿದು, ಕೆರೆ ಕಟ್ಟುವುದು ಕೆಳಗಿನ ಮಟ್ಟದ ಸಾಧನೆಯೆಂದು ಪ್ರಭುದೇವರು ತಿರಸ್ಕರಿಸಿದರೆಂದು ವಾದಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಪ್ರಭುದೇವರು ಕೆರೆಯನ್ನು ಒಡೆಯಲು ಹೇಳಲಿಲ್ಲ. ಕಟ್ಟಿದವನು ನಾನು ಎಂಬುದನ್ನು ಒಡೆಯಲು ಹೇಳಿದರು. ‘ಒಡ್ಡ’ ಎಂಬ ಮಾತಿಗೆ ಮುನಿದವರು ಶಿಷ್ಯರೇ ಹೊರತು ಕಾಯಕವನ್ನು ಬಲ್ಲವರಿಗೆ ಅದರಲ್ಲಿ ಅವಮಾನವೇನಿದೆ? ಮಣ್ಣು ಹೊತ್ತವರ ಶ್ರಮದಿಂದ ಆದ ಕೆರೆ ಎಂಟು ಶತಮಾನ ಮೀರಿ ಉಳಿದಿದೆ. ನಮ್ಮ ಬಡಾವಣೆಯಲ್ಲಾದರೋ ಕೆರೆಯನ್ನು ಕಟ್ಟದೆ, ಹೂಳೆತ್ತದೆ, ಒಂದು ಬುಟ್ಟಿ ಮಣ್ಣನ್ನೂ ಹೊರದೆ ‘ನಮ್ಮ ಕೆರೆ’ ಎನ್ನುವುದನ್ನು ಕಲಿತಿದ್ದೇವೆ. ದನ ತೊಳೆಯಲು ಬಂದ ಊರಿನ ಹುಡುಗರನ್ನು ಏರಿಯಿಂದ ಓಡಿಸಿದವರನ್ನೂ ಕಂಡಿದ್ದೇನೆ.

ಈಗ ತಾಯಂದಿರಲ್ಲಿ ಒಂದು ಮಾತು. ಲಿಂಗಪೂಜೆಗೆ ಶರಣರು ಅಗ್ಘವಣಿ ಎಂದು ಕರೆದ ನೀರನ್ನು ಶೋಧಿಸಿ, ಮಡಿಯಿಂದ ತರುವವರು ನೀವು. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಹೀಗಿರುವಾಗ ಪೂಜೆ ಮುಗಿದ ಮೇಲೆ ಬಾಡಿದ ಪತ್ರೆ, ಹೂವು, ಊದಿನಕಡ್ಡಿಯ ಹೊದಿಕೆ, ಕರ್ಪೂರದ ಡಬ್ಬಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೆ ಎಸೆಯುವುದು ಯಾವ ಆಚಾರ? ತುಳಿಯುವ ಜಾಗದಲ್ಲಿ ಹಾಕಬಾರದೆಂಬ ಭಾವನೆ ಒಳ್ಳೆಯದೇ. ಆದರೆ ಆ ಚೀಲ ನೀರಿನಲ್ಲಿ ವರ್ಷಗಟ್ಟಲೆ ಕೊಳೆಯದೆ ಉಳಿಯುತ್ತದೆ. ಒಳಗಿನ ಪತ್ರೆ ಕೊಳೆತು ನಾರುತ್ತದೆ. ಮನೆ ಬದಲಿಸುವಾಗ, ಹಿರಿಯರು ಲಿಂಗೈಕ್ಯರಾದಾಗ, ದೇವರ ಹಳೆಯ ಪಟಗಳನ್ನು ಗಾಜುಸಮೇತ ತಂದು ಏರಿಯ ಮೇಲೆ ಬಿಟ್ಟುಹೋಗುತ್ತಾರೆ. ಒಮ್ಮೆ ಒಡೆದ ಗಾಜು ತಾಕಿ ಕುರಿ ಕಾಯುವ ಬಾಲಕನ ಪಾದ ಸೀಳಿಹೋಯಿತು.

ನಮ್ಮ ಅಕ್ಕನ ಬಳಗದವರು ಇದಕ್ಕೆ ಒಂದು ದಾರಿ ಕಂಡುಕೊಂಡರು. ಉದ್ಯಾನದ ಬಿಲ್ವಮರದ ಪಕ್ಕದಲ್ಲಿ ಎರಡು ಗುಂಡಿ ತೋಡಿಸಿ, ಯಾರೂ ತುಳಿಯದಂತೆ ಸುತ್ತ ಕಟಾಂಜನ ಹಾಕಿಸಿದರು. ನಿರ್ಮಾಲ್ಯವನ್ನು ನೂಲು, ತಂತಿ, ಪ್ಲಾಸ್ಟಿಕ್ ಬೇರ್ಪಡಿಸಿ ಅಲ್ಲಿ ಹಾಕಬೇಕು. ಒಂದು ಗುಂಡಿ ತುಂಬಿದ ಮೇಲೆ ಮಣ್ಣು ಮುಚ್ಚಿ ಇನ್ನೊಂದಕ್ಕೆ ಹೋಗಬೇಕು. ಆರು ತಿಂಗಳ ಮೇಲೆ ಅದೇ ಗೊಬ್ಬರ ಬಿಲ್ವಮರಕ್ಕೆ, ಕಣಗಿಲೆ ಗಿಡಗಳಿಗೆ. ದೇವರ ಪಟವಾದರೆ ಚೌಕಟ್ಟು, ಗಾಜು ತೆಗೆದು ಕಾಗದವನ್ನು ಮಾತ್ರ ಗೌರವದಿಂದ ಮಣ್ಣಿಗೆ ಸೇರಿಸುವುದು. ಮೊದಮೊದಲು ಹಿರಿಯರಲ್ಲಿ ಕೆಲವರು ಒಪ್ಪಲಿಲ್ಲ. ನೀರಿಗೆ ಬಿಡುವುದೇ ಸಂಪ್ರದಾಯವೆಂದರು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿ ದೇಹವನ್ನು ಮಣ್ಣಿಗೆ ಒಪ್ಪಿಸುವ ಮತ ನಮ್ಮದು, ಪತ್ರೆಯನ್ನು ಮಣ್ಣಿಗೆ ಒಪ್ಪಿಸಿದರೆ ತಪ್ಪೇನು ಎಂದು ಬಳಗದ ಅಧ್ಯಕ್ಷೆಯವರು ಕೇಳಿದ ಮೇಲೆ ಸುಮ್ಮನಾದರು. ನಾನು ಇಷ್ಟು ಚೆನ್ನಾಗಿ ಉತ್ತರ ಕೊಡುತ್ತಿರಲಿಲ್ಲ.

ಮಣ್ಣಿನ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಹಳ್ಳಿಗಳಲ್ಲಿ ನಮ್ಮವರ ರುದ್ರಭೂಮಿ ಕೆರೆಯ ಆಸುಪಾಸಿನಲ್ಲೇ ಇದೆ. ಹೊಸ ಬಡಾವಣೆಗಳ ನಕ್ಷೆಯಲ್ಲಿ ಉದ್ಯಾನಕ್ಕೆ, ಶಾಲೆಗೆ, ಗುಡಿಗೆ ಜಾಗವಿರುತ್ತದೆ, ಸತ್ತವರಿಗೆ ಇರುವುದಿಲ್ಲ. ನೂರು ಮನೆಗಳು ಬಂದಮೇಲೆ ಊರಿನವರ ಹತ್ತು ಗುಂಟೆಯ ರುದ್ರಭೂಮಿಯನ್ನು ಕೇಳಿಕೊಂಡು ಹೋಗಬೇಕಾಗುತ್ತದೆ. ಗದ್ದುಗೆಗಳ ಮೇಲೆ ಬೇಲಿ ಬರುವ ಮುಂಚೆ ಆಯಾ ಊರಿನ ಸಮಾಜದವರು ಆ ಜಾಗದ ಪಹಣಿ, ಅಳತೆ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಕೊಳೆಯ ವಿಷಯದಲ್ಲಿ ಪತ್ರೆ ಹೂವುಗಳ ಪಾಲು ಅಲ್ಪವೇ. ದೊಡ್ಡ ಪಾಲು ಬಚ್ಚಲು, ಶೌಚಾಲಯಗಳದು. ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಮಳೆನೀರಿನ ಚರಂಡಿಗೇ ಎಲ್ಲವನ್ನೂ ಬಿಟ್ಟರೆ ಅದು ತಗ್ಗು ಹುಡುಕಿ ಕೆರೆಯನ್ನೇ ಸೇರುತ್ತದೆ. ಆಮೇಲೆ ಅಂತರಗಂಗೆ ಹಬ್ಬುತ್ತದೆ, ಮೀನು ಸಾಯುತ್ತವೆ, ಸೊಳ್ಳೆ ಮುತ್ತುತ್ತವೆ. ಇದರ ಪರಾಕಾಷ್ಠೆಯನ್ನು ಕಾಣಬೇಕಾದರೆ ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಹೋಗಬೇಕು. ಬೆಂಗಳೂರಿನ ಪಶ್ಚಿಮ ಭಾಗದ ಮಲಿನ ಜಲವನ್ನೂ ಕಾರ್ಖಾನೆಗಳ ವಿಸರ್ಜನೆಯನ್ನೂ ಹೊತ್ತ ವೃಷಭಾವತಿ ಅಲ್ಲಿಗೆ ಬರುತ್ತದೆ. ಗದ್ದೆಗಳಿಗೆಂದು ಕಟ್ಟಿದ ಆ ಜಲಾಶಯದ ತೂಬಿನ ಬಳಿ ಬಿಳಿಯ ನೊರೆ ಆಳೆತ್ತರ ಏಳುವುದನ್ನು ಕಂಡವರು ಮರೆಯಲಾರರು. ಅಲ್ಲಿಂದ ಮುಂದೆ ಹರಿದ ವೃಷಭಾವತಿ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಂದಿಬೆಟ್ಟದ ಕಡೆಯಿಂದ ಹೊರಟು ಮಂಚನಬೆಲೆ, ರಾಮನಗರ, ಕನಕಪುರ ಹಾದು ಬರುವ ಅರ್ಕಾವತಿಗೆ ಮೇಲಿನವರು ಬಿಟ್ಟುದೆಲ್ಲ ಕೆಳಗಿನವರ ಪಾಲು. ಕನಕಪುರದ ಓದುಗರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಅದೇ ಬೈರಮಂಗಲ, ಕಂಚುಗಾರನಹಳ್ಳಿಗಳ ಸುತ್ತ ಸಾವಿರಾರು ಎಕರೆಯಲ್ಲಿ ಉಪನಗರ ನಿರ್ಮಿಸುವ ಯೋಜನೆಗೆ 2025ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. ಭೂಮಿ ಬಿಡಲೊಲ್ಲದ ರೈತರು ಧರಣಿ ಕುಳಿತರು. ರಾಜಕೀಯ ಈ ಪತ್ರಿಕೆಯ ವಿಷಯವಲ್ಲ. ಆದರೆ ಅಲ್ಲಿ ರೇಷ್ಮೆ, ಹೈನುಗಳನ್ನು ನಂಬಿದ ಸಂಸಾರಗಳುಂಟು, ನಾಳೆ ಅಲ್ಲಿ ಮನೆ ಮಾಡಬಯಸುವ ಸಂಸಾರಗಳೂ ಉಂಟು. ಎರಡನೆಯವರು ಮೊದಲನೆಯವರನ್ನು ಒಮ್ಮೆಯಾದರೂ ಹೋಗಿ ಮಾತನಾಡಿಸಿ ಬರಬೇಕೆಂಬುದಷ್ಟೇ ನನ್ನ ಪ್ರಾರ್ಥನೆ. ಇನ್ನೊಂದು ಬಗೆಯ ಉದಾಹರಣೆ ಚನ್ನಪಟ್ಟಣದಲ್ಲಿದೆ. ಶಿಂಷಾ ನದಿಯ ಇಗ್ಗಲೂರು ಅಣೆಕಟ್ಟಿನಿಂದ ನೀರೆತ್ತಿ ಆ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದ ಮೇಲೆ ಬತ್ತಿದ್ದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡುದನ್ನು ಅಲ್ಲಿಯ ನೆಂಟರ ಬಾಯಿಂದ ಕೇಳಿದ್ದೇನೆ. ಕೆರೆಯಲ್ಲಿ ನೀರಿದ್ದರೆ ಮಾತ್ರ ದಂಡೆಯ ಮನೆಯ ನಲ್ಲಿಯಲ್ಲೂ ನೀರು.

ಇನ್ನು, ಕೊಳ್ಳಬಹುದೆ ಎಂದು ಕೇಳಿದವರಿಗೆ. ನಿವೇಶನವನ್ನು ಬೇಸಗೆಯಲ್ಲಿ ನೋಡಿ ಮುಂಗಡ ಕೊಡಬೇಡಿರಿ, ಒಂದು

ಒಳ್ಳೆಯ ಮಳೆಯ ಮರುದಿನ ಹೋಗಿ ನೋಡಿರಿ. ಅದು ಕೆರೆಯ ಯಾವ ಮಗ್ಗುಲಲ್ಲಿದೆ ಎಂಬುದನ್ನು ಗಮನಿಸಿರಿ. ಏರಿಯ ಎದುರಿಗೆ, ನೀರು ಬಂದು ಸೇರುವ ಕಡೆಯಾದರೆ ಅದು ಕೆರೆಯ ಅಂಗಳ. ಹತ್ತು ವರ್ಷ ಒಣಗಿದ್ದರೂ ಹನ್ನೊಂದನೆಯ ವರ್ಷ ನೀರು ಅಲ್ಲಿಯವರೆಗೂ ಹರಡುತ್ತದೆ. ಏರಿಯ ಕೆಳಗಾದರೆ ಅದು ಅಚ್ಚುಕಟ್ಟಿನ ಗದ್ದೆ. ಅಲ್ಲಿಂದ ಕೆರೆ ಕಾಣುವುದಿಲ್ಲ, ಏರಿ ಮಾತ್ರ ಕಾಣುತ್ತದೆ; ನೆಲ ಸದಾ ತೇವ, ತಳಪಾಯ ಆಳವಾಗದಿದ್ದರೆ ಗೋಡೆ ಬಿರಿಯುತ್ತದೆ. ಎತ್ತರದ ಪಕ್ಕದ ದಂಡೆಯೇ ಮೇಲು. ಮಾರುವವರು ಕೊಡುವ ಬಣ್ಣದ ನಕ್ಷೆಯನ್ನು ಬದಿಗಿಟ್ಟು, ಭೂಮಾಪನ ಇಲಾಖೆಯಿಂದ ಗ್ರಾಮನಕ್ಷೆಯ ನಕಲು ಪಡೆಯಿರಿ. ಅದರಲ್ಲಿ ಕೆರೆಯ ಸರ್ವೆ ನಂಬರು, ಹಳ್ಳಗಳ ಗೆರೆ ಸ್ಪಷ್ಟವಾಗಿರುತ್ತವೆ. ಕೆರೆಯ ಅಂಚಿನಿಂದ ಎಷ್ಟು ದೂರ ಬಿಡಬೇಕೆಂಬ ಬಗ್ಗೆ ನ್ಯಾಯಾಲಯಗಳಲ್ಲಿಯೇ ಜಿಜ್ಞಾಸೆ ನಡೆದಿದೆ. ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿದುದನ್ನು ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಕಾನೂನು ಎಷ್ಟೇ ಹೇಳಲಿ, ನೀರು ಅಳತೆಪಟ್ಟಿ ಹಿಡಿದು ಬರುವುದಿಲ್ಲ. ಕೊನೆಯದಾಗಿ, ಹತ್ತಿರದ ಊರಿಗೆ ಹೋಗಿ ಎಪ್ಪತ್ತು ದಾಟಿದವರೊಬ್ಬರನ್ನು ಕಂಡು, ಈ ಕೆರೆಯ ಕೋಡಿ ಎಲ್ಲಿ, ಅದರ ನೀರು ಯಾವ ಕಡೆ ಹೋಗುತ್ತದೆ ಎಂದು ಕೇಳಿರಿ. ಅವರ ಉತ್ತರದ ಮೇಲೆ ನಿಮ್ಮ ಹಣವನ್ನು ನಿರ್ಧರಿಸಿರಿ.

ನಮ್ಮಲ್ಲಿ ಕಡಿದ ರಸ್ತೆಗೆ ಆ ವರ್ಷವೇ ಮತ್ತೆ ಮಣ್ಣು ತುಂಬಿ, ಅದೇ ಎರಡು ಕೊಳವೆಗಳನ್ನು ಹೂಳಲಾಯಿತು. ಅಲ್ಲಿ ಅಗಲವಾದ ಕಿರುಸೇತುವೆಯಾಗಬೇಕು, ಕೋಡಿಯ ಹಳ್ಳವನ್ನು ಮೊದಲಿನಷ್ಟೇ ಅಗಲ ತೆರೆಯಬೇಕು ಎಂದು ನಾವು ಕೆಲವರು ಸಂಘದ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಕಳೆದ ವರ್ಷ ಗ್ರಾಮನಕ್ಷೆ ತರಿಸಿ ಅಳೆಸಿದಾಗ ಹಾಲಿನ ಬೂತು, ಉದ್ಯಾನದ ಒಂದು ಅಂಚು, ಎರಡು ಮನೆಗಳ ಕಾಂಪೌಂಡು ಹಳ್ಳದ ಮೇಲೆ ಬಂದಿರುವುದು ತಿಳಿಯಿತು. ಆ ಎರಡು ಮನೆಯವರೂ ಹಣ ಕೊಟ್ಟು, ನೋಂದಣಿ ಮಾಡಿಸಿಕೊಂಡು, ಸಾಲ ತೀರಿಸುತ್ತಿರುವವರು. ಹಾಲಿನ ಬೂತನ್ನು ಹೋದ ತಿಂಗಳು ಸ್ಥಳಾಂತರಿಸಿದೆವು. ಅದರ ಕೆಳಗೆ ನಿಜಕ್ಕೂ ಕೋಡಿಕಲ್ಲು ಇದ್ದಿತು, ಬಟ್ಟೆ ಒಗೆದು ಒಗೆದು ನುಣುಪಾಗಿತ್ತು. ಮೂಲೆಯ ಮನೆಯ ತಾಯಿ ತಮ್ಮ ಕಾಂಪೌಂಡನ್ನು ಆರಡಿ ಹಿಂದಕ್ಕೆ ಸರಿಸಿ ಕಟ್ಟಿಸಿಕೊಳ್ಳಲು ಒಪ್ಪಿದ್ದಾರೆ. ಇನ್ನೊಂದು ಮನೆಯವರು, ಅಂಗಳದಲ್ಲಿ ಚಪ್ಪರ ಹಾಕಬೇಕಾಗಿದೆ, ಮಗಳ ಮದುವೆಯಾಗುವವರೆಗೆ ಕಾಲಾವಕಾಶ ಕೊಡಿ ಎಂದಿದ್ದಾರೆ. ಮದುವೆ ಮಾಘಮಾಸದಲ್ಲಿ ನಿಶ್ಚಯವಾಗಿದೆ. ಮುಂಗಾರಿಗೆ ಅಲ್ಲಿಂದ ನಾಲ್ಕು ತಿಂಗಳು.